ದೋಣಿ ಬಂತು, ತಾಂಡೇಲ ಬರಲಿಲ್ಲ: ಕರಾವಳಿ ಕಾವಲು ಪೊಲೀಸ್ ಪಡೆಯ ಸಿಬ್ಬಂದಿ ಪ್ರಕರಣ

ಮಲ್ಪೆಯಲ್ಲಿ ಪೊಲೀಸ್ ಠಾಣೆ ಎರಡು. ಒಂದು ಊರಿನದು. ಬೈಕ್ ಕಳವು, ಅಂಗಡಿ ಜಗಳ, ರಸ್ತೆ ಅಪಘಾತ ಎಲ್ಲ ಅಲ್ಲಿಗೆ ಹೋಗುತ್ತದೆ. ಅದು ಉಡುಪಿ ಜಿಲ್ಲಾ ಎಸ್‌ಪಿ ಕೈಕೆಳಗಿನ ಠಾಣೆ. ಇನ್ನೊಂದು ಕರಾವಳಿ ಕಾವಲು ಪೊಲೀಸರದು. ಅದಕ್ಕೆ ಬೇರೆಯೇ ಎಸ್‌ಪಿ ಇದ್ದಾರೆ. ಅವರ ಕಚೇರಿಯೂ ಮಲ್ಪೆಯಲ್ಲೇ. ಆದರೆ ಅವರ ಮೇಲಧಿಕಾರಿ ಇರುವುದು ಬೆಂಗಳೂರಿನ ಆಂತರಿಕ ಭದ್ರತಾ ವಿಭಾಗದಲ್ಲಿ. ಉಡುಪಿಯ ಬಹಳ ಮಂದಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಗೊತ್ತಾಗಬೇಕಾದ ಸಂದರ್ಭವೂ ಜಾಸ್ತಿ ಬರುವುದಿಲ್ಲ.

ಈ ಪಡೆಯ ವ್ಯಾಪ್ತಿ ಮಂಗಳೂರಿನಿಂದ ಕಾರವಾರದವರೆಗೆ, ಸುಮಾರು 320 ಕಿ.ಮೀ. ಕರಾವಳಿ. ಠಾಣೆಗಳು 9: ಮಂಗಳೂರು, ಹೆಜಮಾಡಿ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕುಮಟಾ, ಬೇಲೆಕೇರಿ, ಕಾರವಾರ. ಲೆಕ್ಕ ಹಾಕಿದರೆ ಒಂದು ಠಾಣೆಗೆ 35 ಕಿ.ಮೀ. ಕರಾವಳಿ. ಅಷ್ಟೇ ಆಗಿದ್ದರೆ ಜೀಪಿನಲ್ಲಿ ಓಡಾಡಿ ಮುಗಿಸಬಹುದಿತ್ತು. ಆದರೆ ದಡದಿಂದ 12 ನಾಟಿಕಲ್ ಮೈಲಿನವರೆಗೆ, ಅಂದರೆ ಸುಮಾರು 22 ಕಿ.ಮೀ. ದೂರದವರೆಗೆ, ಸಮುದ್ರವೂ ಇವರದೇ. ಗುಣಿಸಿದರೆ 7,000 ಚದರ ಕಿ.ಮೀ. ನೀರು. ಇಡೀ ಉಡುಪಿ ಜಿಲ್ಲೆಯ ನೆಲಕ್ಕಿಂತ ದೊಡ್ಡ ಜಾಗ. ಅಲ್ಲಿ ರಸ್ತೆ ಇಲ್ಲ, ಸಿಸಿ ಕ್ಯಾಮೆರಾ ಇಲ್ಲ, ಬೀಟ್ ಪುಸ್ತಕ ನೇತು ಹಾಕಲು ಒಂದು ಕಂಬವೂ ಇಲ್ಲ.

ಈ ನೀರಿಗೆ ಸರ್ಕಾರ ಠಾಣೆ ಕಟ್ಟಿತು, ದೋಣಿ ಕೊಟ್ಟಿತು, ಹುದ್ದೆ ಮಂಜೂರು ಮಾಡಿತು. ದೋಣಿ ನಡೆಸುವವರು, ಅಂದರೆ ತಾಂಡೇಲರು, ಎಲ್ಲಿಂದ ಬರಬೇಕು ಅನ್ನುವುದನ್ನು ಮಾತ್ರ ಸರಿಯಾಗಿ ಯೋಚಿಸಲಿಲ್ಲ. ಈ ಪ್ರಕರಣದ ಗಂಟು ಅಲ್ಲೇ ಇರುವುದು.

ನೆಲದ ಮೇಲೆ ಎಳೆದ ಗೆರೆಗಳು

ಇಲ್ಲಿನ ಪೊಲೀಸ್ ವ್ಯವಸ್ಥೆ ಹುಟ್ಟಿದ್ದು ಮೈಸೂರಿನಲ್ಲಿ ಅಲ್ಲ, ಮದ್ರಾಸಿನಲ್ಲಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಕಂಪನಿ ಸರ್ಕಾರದ ಕೈಗೆ ಬಂತು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಈಗಿನ ರೀತಿಯ ಪೊಲೀಸರು ಬಂದದ್ದು 1859ರ ಮದ್ರಾಸ್ ಕಾಯ್ದೆಯಿಂದ. ಇಡೀ ದೇಶಕ್ಕೆ ಪೊಲೀಸ್ ಕಾಯ್ದೆ ಬಂದದ್ದು ಅದಾಗಿ ಎರಡು ವರ್ಷಕ್ಕೆ, 1861ರಲ್ಲಿ. ಈ ವಿಷಯದಲ್ಲಿ ಮದ್ರಾಸಿನವರು ಒಂದು ಹೆಜ್ಜೆ ಮುಂದಿದ್ದರು.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು, ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. 1997ರ ಆಗಸ್ಟ್‌ನಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ತಾಲೂಕು ಸೇರಿ ಉಡುಪಿ ಜಿಲ್ಲೆ ಆಯಿತು. 2010ರಲ್ಲಿ ಮಂಗಳೂರು ನಗರಕ್ಕೆ ಕಮಿಷನರೇಟ್ ಬಂತು. ಮೂಡುಬಿದಿರೆ, ಮೂಲ್ಕಿ, ಉಳ್ಳಾಲದ ಠಾಣೆಗಳು ಕಮಿಷನರ್ ಕಡೆಗೆ ಹೋದವು. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯದ ಕಡೆ ಜಿಲ್ಲಾ ಎಸ್‌ಪಿಗೆ ಉಳಿಯಿತು.

ಪ್ರತಿ ಸಲ ಗೆರೆ ಎಳೆದಾಗಲೂ ಕಚೇರಿ, ಬೋರ್ಡು, ಅಧಿಕಾರಿಯ ಕಾರು ಹೊಸದಾಗಿ ಬರುತ್ತವೆ. ಜನರನ್ನು ಮಾತ್ರ ಮೊದಲಿಗೆ ಇರುವ ಠಾಣೆಗಳಿಂದಲೇ ಎತ್ತುತ್ತಾರೆ. ಇದು ಹಳೆಯ ಪದ್ಧತಿ, ಈಗಲೂ ನಡೆಯುತ್ತಿದೆ. 2025ರಲ್ಲಿ ಕೋಮು ಗಲಭೆ ತಡೆಯಲು ಮಂಗಳೂರಿನಲ್ಲಿ ವಿಶೇಷ ಕಾರ್ಯಪಡೆ ಶುರುವಾಯಿತಲ್ವಾ, ಅದಕ್ಕೆ ಕೊಟ್ಟ 248 ಮಂದಿಯನ್ನು ತೆಗೆದದ್ದು ಕಾರ್ಕಳದಲ್ಲಿ ನೆಲೆಯಿದ್ದ ನಕ್ಸಲ್ ನಿಗ್ರಹ ಪಡೆಯಿಂದ. ಅಲ್ಲಿ ಕೆಲಸ ಕಡಿಮೆಯಾಗಿತ್ತು, ಇಲ್ಲಿ ಬೇಕಾಗಿತ್ತು, ಕೊಟ್ಟರು. ಅದರಲ್ಲಿ ತಪ್ಪೇನೂ ಇಲ್ಲ. ಕಾಡಿನಲ್ಲಿ ನಡೆದವನು ಪೇಟೆಯ ಬೀದಿಯಲ್ಲೂ ನಡೆಯಬಲ್ಲ. ಕರಾವಳಿ ಕಾವಲು ಪಡೆಗೂ ಇದೇ ಪದ್ಧತಿ ಹಚ್ಚಿದ್ದೇ ತೊಡಕಾಯಿತು.

ಸಮುದ್ರದ ಕಡೆ ತಿರುಗಿದ್ದು

1993ರಲ್ಲಿ ಮುಂಬೈ ಸ್ಫೋಟಕ್ಕೆ ಬಳಸಿದ ಆರ್‌ಡಿಎಕ್ಸ್ ಬಂದು ಇಳಿದದ್ದು ರಾಯಗಡ ಜಿಲ್ಲೆಯ ಶೇಖಾಡಿ ಎಂಬ ಕಡಲೂರಿನಲ್ಲಿ. ಆಮೇಲೆ ಮಹಾರಾಷ್ಟ್ರ, ಗುಜರಾತಿನ ಕಡಲಲ್ಲಿ ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್‌ನ ಗಸ್ತು ಶುರುವಾಯಿತು. ನಮ್ಮ ಕಡೆಗೆ ಅದರ ಬಿಸಿ ತಟ್ಟಲಿಲ್ಲ. 2005ರಲ್ಲಿ ಕೇಂದ್ರ ಸರ್ಕಾರ ಎಲ್ಲ ಕರಾವಳಿ ರಾಜ್ಯಗಳಿಗೂ ಒಂದು ಯೋಜನೆ ತಂದಿತು. ಮೊದಲ ಹಂತದಲ್ಲಿ ದೇಶಕ್ಕೆಲ್ಲ 73 ಕರಾವಳಿ ಠಾಣೆ, 204 ದೋಣಿ. ಕರ್ನಾಟಕದ ಪಾಲಿಗೆ 5 ಠಾಣೆ ಬಂತು.

ಯೋಜನೆ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ 2008ರ ನವೆಂಬರ್ 26 ಬಂತು. ಹತ್ತು ಮಂದಿ ಗುಜರಾತಿನ ಮೀನುಗಾರಿಕಾ ದೋಣಿಯೊಂದನ್ನು ವಶಕ್ಕೆ ತೆಗೆದುಕೊಂಡು, ಅದರಲ್ಲೇ ಮುಂಬೈ ತನಕ ಬಂದು, ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕೊಲಾಬಾದ ಮೀನುಗಾರರ ಕಾಲೊನಿ ಬಳಿ ಇಳಿದರು. ದಡಕ್ಕೆ ಬಂದ ಅವರನ್ನು ಮೊದಲು ಕಂಡದ್ದು ಅಲ್ಲಿನ ಮೀನುಗಾರರೇ. ಈ ವಿವರವನ್ನು ನೆನಪಿಟ್ಟುಕೊಳ್ಳಿ, ಮಲ್ಪೆಯಲ್ಲೂ ಅದು ಬರುತ್ತದೆ.

ಆಮೇಲೆ ಎಲ್ಲಕ್ಕೂ ವೇಗ ಬಂತು. 2011ರಲ್ಲಿ ಎರಡನೇ ಹಂತ ಶುರುವಾಗಿ ನಮಗೆ ಇನ್ನೂ 4 ಠಾಣೆ ಸಿಕ್ಕಿತು. ಗೋವಾ ಮತ್ತು ಕೋಲ್ಕತ್ತಾದ ಸರ್ಕಾರಿ ಹಡಗು ಕಟ್ಟೆಗಳಲ್ಲಿ ಕಟ್ಟಿದ 5 ಟನ್ ಮತ್ತು 12 ಟನ್ ದೋಣಿಗಳು ಬಂದವು. ಕಾವಲು ಮೂರು ಪದರದ್ದಾಯಿತು. ದಡದ ಹತ್ತಿರ ಪೊಲೀಸರು, ಅದರಾಚೆ ಕೋಸ್ಟ್ ಗಾರ್ಡ್, ಇನ್ನೂ ಆಚೆ ನೌಕಾಪಡೆ. ನಕ್ಷೆಯಲ್ಲಿ ನೋಡಿದರೆ ಬಹಳ ಚೆಂದ.

ಆ ಪದರಗಳಲ್ಲಿ ಒಂದು ಎದ್ದು ಕಾಣುವ ವ್ಯತ್ಯಾಸವಿದೆ. ಕೋಸ್ಟ್ ಗಾರ್ಡ್‌ಗೆ ಸೇರುವವನು ಸಮುದ್ರದ ಕೆಲಸಕ್ಕೆ ಅಂತಲೇ ಸೇರುತ್ತಾನೆ, ನಿವೃತ್ತಿವರೆಗೂ ಅದೇ ಅವನ ಬದುಕು. ನೌಕಾಪಡೆಯವರದ್ದೂ ಅಷ್ಟೇ. ಪೊಲೀಸ್ ಒಬ್ಬನೇ ನೆಲಕ್ಕೆ ಅಂತ ಸೇರಿ ನೀರಿಗೆ ಇಳಿದವನು.

ಓಟ ಉಂಟು, ಈಜು ಇಲ್ಲ

ಕರ್ನಾಟಕದಲ್ಲಿ ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಆಗಲು ಗಂಡಸರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಉದ್ದ ಜಿಗಿತ ಇಲ್ಲವೇ ಎತ್ತರ ಜಿಗಿತ ಪಾಸಾಗಬೇಕು. 7.26 ಕೆ.ಜಿ. ಗುಂಡು ಎಸೆಯಬೇಕು. ಲಿಖಿತ ಪರೀಕ್ಷೆ ಬರೆಯಬೇಕು. ಈಜಿನ ಪರೀಕ್ಷೆ ಇಲ್ಲ. ಕೋಲಾರದ ಠಾಣೆಗೆ ಹೋಗುವವನಿಗೆ ಅದು ಬೇಕಾಗಿಯೂ ಇಲ್ಲ ಬಿಡಿ. ಆದರೆ ಇದೇ ಓಟ, ಇದೇ ಗುಂಡೆಸೆತ ಪಾಸಾದವನೇ ವರ್ಗಾವಣೆಯಾಗಿ ಒಂದು ದಿನ ಗಂಗೊಳ್ಳಿಯ ಅಳಿವೆಯಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಕೂರುತ್ತಾನೆ.

ಇನ್ನೊಂದು ಸಂಗತಿ ಮಂಗಳೂರು, ಉಡುಪಿಯವರಿಗೆಲ್ಲ ಗೊತ್ತಿರುವಂಥದ್ದು. ಇಲ್ಲಿನ ಠಾಣೆಗೆ ಹೋಗಿ ನೋಡಿ. ಕಾನ್‌ಸ್ಟೆಬಲ್‌ಗಳಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿ, ಗದಗದ ಹುಡುಗರೇ ಎದ್ದು ಕಾಣುತ್ತಾರೆ. ನಮ್ಮವರು ಅರ್ಜಿ ಹಾಕುವುದೇ ಕಡಿಮೆ. ಅಧಿಕಾರಿಗಳು ಕಾಲೇಜುಗಳಿಗೆ ಬಂದು "ನೀವೂ ಪರೀಕ್ಷೆ ಕಟ್ಟಿ" ಎಂದು ಹೇಳಿಹೋಗುವುದುಂಟು. ಕೇಳಿದ ಹುಡುಗರು ತಲೆ ಆಡಿಸುತ್ತಾರೆ. ಆಮೇಲೆ ಒಬ್ಬ ದುಬೈಗೆ, ಒಬ್ಬ ಮುಂಬೈಯ ಮಾವನ ಹೋಟೆಲಿಗೆ, ಇನ್ನೊಬ್ಬ ಮಣಿಪಾಲದ ಯಾವುದೋ ಕಂಪನಿಗೆ ಹೋಗುತ್ತಾನೆ. ಮನೆಯಲ್ಲೂ ಒತ್ತಾಯ ಇಲ್ಲ. ಅದೇ ಉತ್ತರ ಕರ್ನಾಟಕದ ಒಣ ಬೇಸಾಯದ ಊರಿನಲ್ಲಿ ಖಾಕಿ ಹಾಕುವುದೆಂದರೆ ಇಡೀ ಮನೆಗೆ ಆಸರೆ. ಅಲ್ಲಿನವರು ಮೂರು ನಾಲ್ಕು ವರ್ಷ ಕೋಚಿಂಗ್ ಮಾಡಿ ಸೇರುತ್ತಾರೆ. ಅವರು ಬರದೇ ಹೋಗಿದ್ದರೆ ನಮ್ಮ ಠಾಣೆಗಳ ಬಾಗಿಲು ತೆಗೆಯುವವರೂ ಇರುತ್ತಿರಲಿಲ್ಲ.

ಹಾಗಾಗಿ ಘಟ್ಟದ ಮೇಲಿನವರು ಅಂತ ಅವರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ತುಳು ಬಾರದು ಎಂಬ ಆಕ್ಷೇಪವೂ ಅರ್ಧ ಮಾತ್ರ ನಿಜ. ಆರು ತಿಂಗಳಲ್ಲಿ "ದಾನೆ, ಎಂಚ ಉಲ್ಲರ್" ಎನ್ನುವಷ್ಟು ಎಲ್ಲರೂ ಕಲಿಯುತ್ತಾರೆ. ನಿಜವಾದ ತೊಡಕು ಅವರ ಮನಸ್ಸು ಊರ ಕಡೆ ಇರುವುದು. ಅಪ್ಪ ಅಮ್ಮ ಅಲ್ಲಿ, ಹೊಲ ಅಲ್ಲಿ, ಹೆಂಡತಿ ಅಲ್ಲಿ ಶಿಕ್ಷಕಿ. ಒಂದು ವಾರ ರಜೆ ಸಿಕ್ಕಿದರೆ ಎರಡು ದಿನ ಬಸ್ಸಿನಲ್ಲೇ ಹೋಗುತ್ತದೆ. ಅಂತರ್ ಜಿಲ್ಲಾ ವರ್ಗಾವಣೆ ಯಾವಾಗ ಎಂದು ಕಾಯುತ್ತಾರೆ. ಸ್ವಂತ ಕೋರಿಕೆಯ ಮೇಲೆ ಹೋದರೆ ಹೊಸ ಜಿಲ್ಲೆಯ ಜ್ಯೇಷ್ಠತಾ ಪಟ್ಟಿಯಲ್ಲಿ ಕೆಳಗೆ ಇಳಿಯಬೇಕು. ಆದರೂ ಹೋಗಲು ತಯಾರು. ನೆಲದ ಠಾಣೆಯಲ್ಲಿ ಹೀಗೆ ಒಬ್ಬ ಹೋದರೆ ಇನ್ನೊಬ್ಬ ಬಂದು ಕೆಲಸ ಹಿಡಿಯಬಹುದು. ಠಾಣೆಯ ಕಾಗದಪತ್ರ, ಕೋರ್ಟ್ ಕೆಲಸ, ಬೀಟು ಎಲ್ಲ ಊರಿನಿಂದ ಊರಿಗೆ ದೊಡ್ಡದಾಗಿ ಬದಲಾಗುವುದಿಲ್ಲ. ಕಡಲು ಹಾಗಲ್ಲ. ಹೋಗುವವನು ಕಲಿತದ್ದನ್ನೆಲ್ಲ ಜೊತೆಗೇ ಕೊಂಡೊಯ್ಯುತ್ತಾನೆ, ಬಾದಾಮಿಯಲ್ಲಿ ಅದರಿಂದ ಯಾರಿಗೂ ಏನೂ ಉಪಯೋಗ ಇಲ್ಲ.

ಜಿಲ್ಲಾ ಠಾಣೆಗಳಿಂದ ಈ ಪಡೆಗೆ ಬರುವ ಅಧಿಕಾರಿಗಳ ಕಥೆ ಸ್ವಲ್ಪ ಬೇರೆ. ಇಲ್ಲಿ ದೊಡ್ಡ ಕೇಸುಗಳಿಲ್ಲ, ಪೇಪರಿನಲ್ಲಿ ಹೆಸರು ಬರುವುದಿಲ್ಲ. ಇಲಾಖೆಯೊಳಗೆ ಇದನ್ನು ಬದಿಗೆ ಸರಿಸುವ ಜಾಗ ಎಂದು ನೋಡುವ ಚಾಳಿ ಇದೆ. ಒಳ್ಳೆಯ ಕೆಲಸಗಾರನಿಗೂ "ಒಂದೆರಡು ವರ್ಷ ಸುಮ್ನೆ ಕಳೆದರೆ ಆಯ್ತು" ಅನಿಸಿದರೆ ಆಶ್ಚರ್ಯವಿಲ್ಲ.

ಒಂದು ದೋಣಿ ಹೊರಡುವುದು

ಕಾಗದದಲ್ಲಿ "ಗಸ್ತು" ಎಂದು ಒಂದೇ ಪದ. ಅದರ ಹಿಂದೆ ಏನೆಲ್ಲ ಇದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ.

ಮಲ್ಪೆ ಬಂದರು ಇರುವುದು ಉದ್ಯಾವರ ಹೊಳೆ ಕಡಲಿಗೆ ಸೇರುವ ಜಾಗದಲ್ಲಿ. ಒಂದು ಕಡೆ ಪಡುಕೆರೆ, ಇನ್ನೊಂದು ಕಡೆ ಬಂದರು. ಸಾವಿರಕ್ಕೂ ಮಿಕ್ಕಿ ಬೋಟುಗಳು ಒಂದರ ಪಕ್ಕ ಒಂದು ಕಟ್ಟಿಕೊಂಡು ನಿಂತಿರುತ್ತವೆ. ದಡದಿಂದ ಮೂರನೇ ಬೋಟಿಗೆ ಹೋಗಬೇಕಾದರೆ ಮೊದಲೆರಡನ್ನು ದಾಟಿಯೇ ಹೋಗಬೇಕು. ಪೊಲೀಸ್ ದೋಣಿಯೂ ಇದೇ ನೀರಿನಲ್ಲಿ ದಾರಿ ಮಾಡಿಕೊಂಡು ಹೊರಬರಬೇಕು. ಬಲೆಯ ತುಂಡೊಂದು ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಆ ದಿನದ ಗಸ್ತು ಅಲ್ಲಿಗೇ ಮುಗಿಯಿತು.

ಆಮೇಲೆ ಅಳಿವೆ ಬಾಗಿಲು. ಹೊಳೆ ತಂದ ಮರಳು ಅಲ್ಲಿ ಕೂರುತ್ತಲೇ ಇರುತ್ತದೆ. ಹೂಳು ತೆಗೆಯಿರಿ ಎಂಬ ಬೇಡಿಕೆ ಪ್ರತಿ ವರ್ಷ ಇದ್ದದ್ದೇ. ನೀರಿನ ಇಳಿತದ ಹೊತ್ತಿನಲ್ಲಿ ಯಾವ ಕಡೆ ಆಳ ಇದೆ, ಅಲೆ ಎಲ್ಲಿ ಮಗುಚುತ್ತದೆ ಎಂಬುದು ಅಲ್ಲಿ ದಿನಾ ಓಡಾಡುವವನಿಗೆ ಮಾತ್ರ ಗೊತ್ತು. ಕಳೆದ ಮಳೆಗಾಲಕ್ಕೆ ಮೊದಲು ಇದ್ದ ದಾರಿ ಈ ವರ್ಷ ಇರುವುದಿಲ್ಲ. ಜಿಪಿಎಸ್ ನಕ್ಷೆ ಇದನ್ನು ಹೇಳುವುದಿಲ್ಲ. ಮೀನುಗಾರಿಕಾ ಬೋಟಿನಲ್ಲಿ ಇದನ್ನು ನೋಡಿಕೊಳ್ಳುವವನು ತಾಂಡೇಲ. ಕಲಾಸಿಯಾಗಿ ಸೇರಿ, ಬಲೆ ಎಳೆದು, ಅಡುಗೆ ಮಾಡಿ, ವರ್ಷಾನುಗಟ್ಟಲೆ ನೋಡಿ ಕಲಿತ ಮೇಲೆ ಅವನ ಕೈಗೆ ಚುಕ್ಕಾಣಿ ಬರುತ್ತದೆ.

ಪೊಲೀಸ್ ದೋಣಿಗೆ ತಾಂಡೇಲ ಎಲ್ಲಿಂದ? ಸರ್ಕಾರ ಕಂಡುಕೊಂಡ ದಾರಿ ಗುತ್ತಿಗೆ. ನೌಕಾಪಡೆ, ಕೋಸ್ಟ್ ಗಾರ್ಡ್‌ನಿಂದ ನಿವೃತ್ತರಾದವರನ್ನು ಕ್ಯಾಪ್ಟನ್, ಎಂಜಿನಿಯರ್ ಎಂದು ಗುತ್ತಿಗೆ ಮೇಲೆ ತೆಗೆದುಕೊಳ್ಳುವುದು. ಕೆಲಸ ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೋಣಿಯೊಳಗಿನ ಸ್ಥಿತಿ ನೋಡಿ. ಚುಕ್ಕಾಣಿ ಹಿಡಿದವನಿಗೆ ಕಡಲು ಗೊತ್ತು, ಕಾನೂನಿನ ಅಧಿಕಾರ ಇಲ್ಲ. ಪಕ್ಕದಲ್ಲಿ ನಿಂತ ಎಎಸ್‌ಐಗೆ ಅಧಿಕಾರ ಇದೆ, ಕಡಲು ಗೊತ್ತಿಲ್ಲ. ಇನ್ನೊಂದು ಬೋಟನ್ನು ನಿಲ್ಲಿಸಿ ತಪಾಸಣೆ ಮಾಡಬೇಕಾದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕು. ಇಷ್ಟು ಅಲೆ ಇರುವಾಗ ಪಕ್ಕಕ್ಕೆ ತರಬಹುದೇ, ಹಾರಬಹುದೇ ಎಂದು ಒಬ್ಬ ಹೇಳಬೇಕು. ಹಾರಿ ಹೋಗಿ ಕಾಗದ ಕೇಳುವವನು ಇನ್ನೊಬ್ಬ. ಗುತ್ತಿಗೆ ಮುಗಿದು ನವೀಕರಣ ತಡವಾದರೆ ದೋಣಿ ಸುಸ್ಥಿತಿಯಲ್ಲಿದ್ದೂ ಕಟ್ಟಿದ ಹಗ್ಗ ಬಿಚ್ಚುವುದಿಲ್ಲ.

ತರಬೇತಿ ಇಲ್ಲವೆಂದಲ್ಲ. ಕೋಸ್ಟ್ ಗಾರ್ಡ್‌ನವರು ಕರಾವಳಿ ಪೊಲೀಸರಿಗೆ ಕೆಲವು ವಾರಗಳ ತರಬೇತಿ ಕೊಡುತ್ತಾರೆ. ಗುಜರಾತಿನ ಓಖಾದಲ್ಲಿ ಇದಕ್ಕೆಂದೇ ರಾಷ್ಟ್ರೀಯ ಅಕಾಡೆಮಿ ಇದೆ. ಅಲ್ಲಿಗೂ ಹೋಗಿ ಬರುತ್ತಾರೆ. ಬಂದ ಮೇಲೆ ಆತ ಎಷ್ಟು ಕಾಲ ಇದೇ ಪಡೆಯಲ್ಲಿ ಉಳಿಯುತ್ತಾನೆ ಎನ್ನುವುದರ ಮೇಲೆ ಆ ತರಬೇತಿಯ ಬೆಲೆ ನಿಂತಿದೆ.

ಠಾಣೆಯ ಒಳಗಿನ ಕೆಲಸದ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಬಹುಪಾಲು ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣ. ಬೋಟಿನಿಂದ ಬಿದ್ದವರು, ಈಜಲು ಹೋಗಿ ಮುಳುಗಿದವರು, ಎಲ್ಲಿಂದಲೋ ತೇಲಿ ಬಂದ ಹೆಣಗಳು. ಸಹಾಯಕ್ಕೆ 1093 ಎಂಬ ಸಂಖ್ಯೆ ಇದೆ. ಮೀನುಗಾರರಿಗೆ ಇದನ್ನು ಹೇಳಿಕೊಡುವ ಸಭೆಗಳು ನಡೆಯುತ್ತವೆ. ಆಗಾಗ ಸಾಗರ್ ಕವಚ್ ಎಂಬ ಅಣಕು ಕಾರ್ಯಾಚರಣೆ ಇರುತ್ತದೆ.

ಪರೀಕ್ಷೆಗೆ ಬಂದ ದಿನಗಳು

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಸುವರ್ಣ ತ್ರಿಭುಜ ಎಂಬ ಆಳಸಮುದ್ರ ಬೋಟು 7 ಮಂದಿಯೊಂದಿಗೆ ಹೊರಟಿತು. ಒಂದೆರಡು ದಿನದಲ್ಲಿ ಮಹಾರಾಷ್ಟ್ರದ ಕಡಲಲ್ಲಿ ಸಂಪರ್ಕ ತಪ್ಪಿತು. ಈ ಬೋಟುಗಳು ಹೋದರೆ ಹತ್ತು ದಿನ ಬರುವುದಿಲ್ಲ, ಹಾಗಾಗಿ ಮೊದಲಿಗೆ ಯಾರೂ ಹೆದರಲಿಲ್ಲ. ಆಮೇಲೆ ದೂರು ಹೋಯಿತು. ದೂರು ದಾಖಲಾದದ್ದು ಊರಿನ ಮಲ್ಪೆ ಠಾಣೆಯಲ್ಲಿ. ಹುಡುಕಬೇಕಾದದ್ದು ಇನ್ನೊಂದು ರಾಜ್ಯದ ಎದುರಿನ ಸಮುದ್ರದಲ್ಲಿ. 12 ನಾಟಿಕಲ್ ಮೈಲಿನ ದೋಣಿಗೆ ಅದು ನಿಲುಕುವ ಜಾಗವೇ ಅಲ್ಲ.

2019ರ ಜನವರಿಯಲ್ಲಿ ಮೀನುಗಾರರು ಕೆಲಸ ನಿಲ್ಲಿಸಿ ಉಡುಪಿಯಲ್ಲಿ ಹೆದ್ದಾರಿ ತಡೆದರು. ಅಂಥ ಜನಸಾಗರವನ್ನು ಉಡುಪಿ ಬಹಳ ಕಾಲದಿಂದ ಕಂಡಿರಲಿಲ್ಲ. ಕೊನೆಗೆ ಮೇ ತಿಂಗಳ ಹೊತ್ತಿಗೆ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಾಲ್ವಣದ ಎದುರು ಕಡಲ ತಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು. ಆ ಏಳು ಮಂದಿ ಬರಲಿಲ್ಲ. ಈ ಘಟನೆಯಲ್ಲಿ ಕರಾವಳಿ ಪೊಲೀಸರ ತಪ್ಪು ಹುಡುಕುವುದು ಅನ್ಯಾಯ. ಆದರೆ ಮಲ್ಪೆಯ ಮೀನುಗಾರರಿಗೆ ಅಂದು ಒಂದು ವಿಷಯ ಖಚಿತವಾಯಿತು. ಕಣ್ಣೆದುರೇ ಕಟ್ಟಿರುವ ಪೊಲೀಸ್ ದೋಣಿ ತಮ್ಮ ಬೋಟು ಹೋಗುವಷ್ಟು ದೂರಕ್ಕೆ ಬರುವುದಿಲ್ಲ.

2021ರ ಏಪ್ರಿಲ್‌ನಲ್ಲಿ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲು ದೂರದಲ್ಲಿ ಕೇರಳದ ಬೇಪೂರಿನ ಮೀನುಗಾರಿಕಾ ಬೋಟಿಗೆ ಸರಕು ಹಡಗೊಂದು ಡಿಕ್ಕಿಯಾಯಿತು. ಬೋಟಿನಲ್ಲಿ 14 ಮಂದಿ ಇದ್ದರು. ಜೀವಂತ ಸಿಕ್ಕಿದ್ದು ಇಬ್ಬರೇ. ಮುಂದಿನ ತಿಂಗಳೇ ತೌಕ್ತೆ ಚಂಡಮಾರುತ ಬಂತು. ಒಂದು ಟಗ್, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ಸಣ್ಣ ಹಡಗು, ಪಡುಬಿದ್ರಿ ಬಳಿ ಮಗುಚಿತು. ಇನ್ನೊಂದು ಮೂಲ್ಕಿ ಎದುರಿನ ಬಂಡೆಗಳ ಮಧ್ಯೆ ಸಿಕ್ಕಿಕೊಂಡಿತು. ಅದರಲ್ಲಿದ್ದ 9 ಮಂದಿಯನ್ನು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕೋಸ್ಟ್ ಗಾರ್ಡ್ ಸೇರಿ ಕರೆತಂದರು. ಅಂಥ ಕಡಲಲ್ಲಿ 12 ಟನ್ ದೋಣಿ ಇಳಿಸಿದ್ದರೆ ಕಾಪಾಡಬೇಕಾದವರ ಲೆಕ್ಕ ಜಾಸ್ತಿಯಾಗುತ್ತಿತ್ತು ಅಷ್ಟೆ.

ಈ ಪಡೆಗೆ ನಿಜವಾಗಿ ಸಂಬಂಧಿಸಿದ ಪ್ರಸಂಗ 2025ರ ಫೆಬ್ರವರಿಯದ್ದು. ಓಮನ್‌ನಿಂದ ಒಂದು ಮೀನುಗಾರಿಕಾ ದೋಣಿ ಅರಬ್ಬಿ ಸಮುದ್ರವನ್ನು ಅಡ್ಡ ದಾಟಿ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಹತ್ತಿರ ಬಂತು. ಅದರಲ್ಲಿದ್ದದ್ದು ತಮಿಳುನಾಡಿನ ಮೂವರು ಮೀನುಗಾರರು. ಅಲ್ಲಿನ ಮಾಲೀಕ ಸಂಬಳ ಕೊಡದೆ ಸತಾಯಿಸಿದ ಎಂದು ದೋಣಿ ತೆಗೆದುಕೊಂಡೇ ಓಡಿ ಬಂದಿದ್ದರು. ಪಾಪದವರು. ಆದರೆ ಪರದೇಶದ ದೋಣಿಯೊಂದು ಕಾವಲಿನ ಮೂರೂ ಪದರ ದಾಟಿ, ಭಾನುವಾರ ಪ್ರವಾಸಿಗರು ಫೋಟೊ ತೆಗೆಯುವ ದ್ವೀಪದ ತನಕ ಬಂತು. ಅದು ಕಣ್ಣಿಗೆ ಬಿದ್ದದ್ದು ಮಲ್ಪೆಯ ಮೀನುಗಾರರಿಗೆ. ಅವರಿಂದ ಸುದ್ದಿ ಬಂದ ಮೇಲೆ ಕರಾವಳಿ ಪೊಲೀಸರು ಹೋಗಿ ಹಿಡಿದರು.

ಕೊಲಾಬಾದಲ್ಲಿ ಆದದ್ದೂ ಇದೇ ಅಲ್ವಾ? ಒಂದೇ ವ್ಯತ್ಯಾಸ. ಇಲ್ಲಿ ಮೀನುಗಾರನ ಮಾತು ಕೇಳುವ ಪೊಲೀಸ್ ಒಬ್ಬ ಹತ್ತಿರದಲ್ಲಿದ್ದ. ಈ ಪಡೆ ಇಲ್ಲಿಯವರೆಗೆ ಗಳಿಸಿದ್ದರಲ್ಲಿ ಅತಿ ಬೆಲೆಯುಳ್ಳದ್ದು ಅದೇ ಎಂದು ನನಗೆ ಅನಿಸುತ್ತದೆ.

ಕಣ್ಣು ಯಾರದು, ಕೈ ಯಾರದು

ಫೋನಿನಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

"ಸಾರ್, ಇಲ್ಲಿ ಒಂದು ಬೋಟ್ ಉಂಟು ಮಾರಾಯ್ರೆ. ಬಣ್ಣ ನಮ್ಮದಲ್ಲ. ನಂಬರೂ ಕಾಣುವುದಿಲ್ಲ."

"ಎಲ್ಲಿ ಅಣ್ಣಾ? ಸರಿಯಾಗಿ ಹೇಳ್ರಿ."

"ದ್ವೀಪದಿಂದ ಪಡುವಕ್ಕೆ. ಹತ್ತು ಮಾರು ನೀರಿನಲ್ಲಿ."

"ಅಕ್ಷಾಂಶ ರೇಖಾಂಶ ಹೇಳ್ರಲಾ."

ತಾಂಡೇಲ ಜಾಗವನ್ನು ಗುರುತಿಸುವುದು ಆಳ ಮತ್ತು ದಿಕ್ಕಿನಿಂದ. ಕಾನ್‌ಸ್ಟೆಬಲ್‌ಗೆ ಬೇಕಾದದ್ದು ಅಂಕಿ. ನಡುವೆ ಗುತ್ತಿಗೆಯ ಕ್ಯಾಪ್ಟನ್ ಇದ್ದರೆ ಇಬ್ಬರ ಮಾತೂ ಕೂಡಿಕೊಳ್ಳುತ್ತದೆ. ಬಣ್ಣದ ಮಾತು ಯಾಕೆಂದರೆ, ಬೋಟುಗಳಿಗೆ ಪ್ರತಿ ರಾಜ್ಯಕ್ಕೂ ಒಂದೊಂದು ಬಣ್ಣ ಗೊತ್ತು ಮಾಡಿದ್ದಾರೆ. ನೋಂದಣಿ ಸಂಖ್ಯೆ ಐಎನ್‌ಡಿ-ಕೆಎ ಎಂದು ಶುರುವಾದರೆ ಅದು ಕರ್ನಾಟಕದ್ದು. ಮೀನುಗಾರ ದೂರದಿಂದಲೇ ಹೇಳುತ್ತಾನೆ. ಬರಿ ಬಣ್ಣ ಅಲ್ಲ, ಮುಂಭಾಗದ ಆಕಾರ, ಬಲೆ ಎಳೆಯುವ ರೀತಿ ನೋಡಿಯೂ ಹೇಳುತ್ತಾನೆ.

ಈ ಸಂಬಂಧಕ್ಕೆ ಒಂದು ಮುಳ್ಳಿದೆ. ಅದೇ ಪೊಲೀಸರು ಅದೇ ಮೀನುಗಾರರ ಮೇಲೆ ಕಾನೂನನ್ನೂ ಜಾರಿ ಮಾಡಬೇಕು. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು 2017ರಲ್ಲಿ ನಿಷೇಧಿಸಿದರು. ತಪಾಸಣೆ ಮೀನುಗಾರಿಕೆ ಇಲಾಖೆಯದು. ಆದರೆ ಕಡಲಿಗೆ ಹೋಗಬೇಕಾದಾಗ ಪೊಲೀಸ್ ದೋಣಿ, ಪೊಲೀಸ್ ಸಿಬ್ಬಂದಿ ಬೇಕಾಗುತ್ತದೆ. ಮೀನುಗಾರರಲ್ಲೇ ಎರಡು ಬಣ. ನಾಡದೋಣಿಯವರು "ಬೆಳಕಿನವರನ್ನು ಯಾಕೆ ಹಿಡಿಯುವುದಿಲ್ಲ" ಎಂದು ಕೇಳುತ್ತಾರೆ. ಬೆಳಕಿನವರು "ಸಾಲ ತೀರಿಸುವುದು ಹೇಗೆ" ಎನ್ನುತ್ತಾರೆ. ಇವತ್ತು ದಂಡ ಹಾಕಿಸಿಕೊಂಡವನು ನಾಳೆ 1093ಕ್ಕೆ ಫೋನ್ ಮಾಡುವನೇ? ಊರಿನಲ್ಲಿ ನಾಲ್ಕು ಜನರ ಪರಿಚಯ ಇರುವ ಪೊಲೀಸ್ ಆದರೆ ಇದನ್ನು ಹೇಗೋ ನಿಭಾಯಿಸುತ್ತಾನೆ. ನಿನ್ನೆ ಬಂದವನಿಗೆ ಕಷ್ಟ.

ಮೀನುಗಾರರ ಮಕ್ಕಳನ್ನೇ ಈ ಪಡೆಗೆ ತೆಗೆದುಕೊಳ್ಳಿ ಎಂಬ ಮಾತು ಮಲ್ಪೆಯಲ್ಲಿ ಹಳೆಯದು. ಕೇರಳ 2017ರ ಓಖಿ ಚಂಡಮಾರುತದ ಪೆಟ್ಟು ತಿಂದ ಮೇಲೆ ಮೀನುಗಾರ ಯುವಕರನ್ನು ಕೋಸ್ಟಲ್ ವಾರ್ಡನ್ ಎಂದು ತರಬೇತಿ ಕೊಟ್ಟು ಕರಾವಳಿ ಠಾಣೆಗಳಿಗೆ ಹಾಕಿತು. ನನಗೆ ಈ ದಾರಿ ಇಷ್ಟ, ಆದರೆ ಇದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ಅನಿಸುವುದಿಲ್ಲ. ವಾರ್ಡನ್ ಮತ್ತೆ ಗುತ್ತಿಗೆಯವನೇ. ದೋಣಿಯಲ್ಲಿ ಕಡಲು ಬಲ್ಲವನು ಒಬ್ಬ, ಅಧಿಕಾರ ಇರುವವನು ಇನ್ನೊಬ್ಬ ಎಂಬ ಸ್ಥಿತಿ ಹಾಗೇ ಉಳಿಯುತ್ತದೆ. ಇನ್ನೊಂದು, ಹುಟ್ಟಿದ ಊರಿನ ಠಾಣೆಯಲ್ಲೇ ಇದ್ದರೆ ಬೆಳಕಿನ ಬೋಟು ಚಿಕ್ಕಪ್ಪನದ್ದೇ ಆಗಿರಬಹುದು. ಮಲ್ಪೆಯವನನ್ನು ಹೊನ್ನಾವರಕ್ಕೆ, ಕಾರವಾರದವನನ್ನು ಹೆಜಮಾಡಿಗೆ ಹಾಕಬಹುದಲ್ಲ. ಕಡಲು ಬದಲಾಗುವುದಿಲ್ಲ, ನೆಂಟಸ್ತಿಕೆ ಬದಲಾಗುತ್ತದೆ.

ನನಗೆ ಕಾಣುವ ದಾರಿ ಪ್ರತ್ಯೇಕ ಕೇಡರ್. ಕರಾವಳಿ ಕಾವಲು ಪೊಲೀಸ್ ಕಾನ್‌ಸ್ಟೆಬಲ್ ಎಂದೇ ಅರ್ಜಿ ಕರೆಯಬೇಕು. ಪರೀಕ್ಷೆಯಲ್ಲಿ ಗುಂಡೆಸೆತದ ಜಾಗದಲ್ಲಿ ಈಜು ಇರಬೇಕು. ಬಾಗಲಕೋಟೆಯ ಹುಡುಗ ಕೃಷ್ಣಾ ಹೊಳೆಯಲ್ಲಿ ಈಜು ಕಲಿತು ಬಂದರೆ ಅವನೂ ಬರಲಿ, ಯಾರು ಬೇಡ ಅಂದರು? ಬಂದವನು 9 ಠಾಣೆಗಳ ಒಳಗೇ ಸುತ್ತಬೇಕು, ಬಡ್ತಿಯೂ ಅಲ್ಲೇ ಸಿಗಬೇಕು. ದೋಣಿ ನಡೆಸುವ ಲೈಸೆನ್ಸ್ ಪಡೆದವನಿಗೆ ಸಂಬಳದಲ್ಲಿ ಗುರುತು ಕಾಣಬೇಕು. ಇದಕ್ಕೆ ವಿರುದ್ಧ ವಾದವೂ ಗಟ್ಟಿಯಾಗಿದೆ. ಇಷ್ಟು ಸಣ್ಣ ಪಡೆಯಲ್ಲಿ ಬಡ್ತಿಗೆ ಹುದ್ದೆಗಳೇ ಇರುವುದಿಲ್ಲ. ಹೆಡ್ ಕಾನ್‌ಸ್ಟೆಬಲ್ ಆಗಿಯೇ ನಿವೃತ್ತಿಯಾಗಬೇಕಾದೀತು. ಆ ಭಯಕ್ಕೆ ಉತ್ತರ ಕೊಡದೆ ಕೇಡರ್ ಮಾಡಿದರೆ ಒಳ್ಳೆಯವರು ಬರುವುದಿಲ್ಲ.

ಅಷ್ಟೆಲ್ಲ ಆಗುವ ತನಕ, ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದಾದ ಬದಲಾವಣೆ ಒಂದಿದೆ. ರಾಜ್ಯದಲ್ಲಿ ಸಾರ್ವತ್ರಿಕ ವರ್ಗಾವಣೆ ನಡೆಯುವುದು ಸಾಮಾನ್ಯವಾಗಿ ಮೇ, ಜೂನ್‌ನಲ್ಲಿ, ಮಕ್ಕಳ ಶಾಲೆ ಶುರುವಾಗುವ ಹೊತ್ತಿಗೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಹೊಸದಾಗಿ ಬಂದ ಪಿಎಸ್‌ಐ ಚಾರ್ಜ್ ತೆಗೆದುಕೊಳ್ಳುವ ದಿನ ಮಲ್ಪೆಯಲ್ಲಿ ಬೋಟುಗಳೆಲ್ಲ ದಡಕ್ಕೆ ಏರಿರುತ್ತವೆ, ಕಲಾಸಿಗಳು ಊರಿಗೆ ಹೋಗಿರುತ್ತಾರೆ, ಅಳಿವೆಯಲ್ಲಿ ಅಲೆ ಎದ್ದು ಪೊಲೀಸ್ ದೋಣಿಯೂ ಹೊರಡುವುದಿಲ್ಲ. ಬೋಟುಗಳು ಇಳಿಯುವುದು ಆಗಸ್ಟ್‌ನಲ್ಲಿ, ಕಡಲು ಸರಿಯಾಗಿ ತಣಿಯುವುದು ಅಕ್ಟೋಬರ್‌ನಲ್ಲಿ. ಅಲ್ಲಿಗೆ ಅವನ ಮೊದಲ ವರ್ಷದ ಮೂರನೇ ಒಂದು ಭಾಗ ಕಳೆಯಿತು. ಈ ಪಡೆಯ ಮಟ್ಟಿಗಾದರೂ ವರ್ಗಾವಣೆಯನ್ನು ಅಕ್ಟೋಬರ್‌ಗೆ ಇಟ್ಟು, ಹೋಗುವವನು ಒಂದು ತಿಂಗಳು ಬರುವವನ ಜೊತೆ ದೋಣಿ ಹತ್ತುವ ಹಾಗೆ ಆದೇಶ ಮಾಡಿದರೆ ಸಾಕು. ಮಕ್ಕಳ ಶಾಲೆಯ ಮಾತು ಬಂದರೆ, ಬರುವವರಲ್ಲಿ ಅರ್ಧಕ್ಕರ್ಧ ಮಂದಿ ಸಂಸಾರವನ್ನು ಊರಲ್ಲೇ ಬಿಟ್ಟು ಬರುತ್ತಾರೆ, ಮಲ್ಪೆಯಲ್ಲಿ ಬಾಡಿಗೆ ರೂಮು ಹಂಚಿಕೊಂಡು ಇರುತ್ತಾರೆ.